ಸರಾಸರಿಯೊಂದನ್ನೇ ನಂಬಿ ವ್ಯಾಪಾರ ಮಾಡಬಹುದೇ?

ನಮ್ಮ ವರ್ತಕರ ಹಾಗೂ ಸಣ್ಣ ಕೈಗಾರಿಕೋದ್ಯಮಿಗಳ ಮಾತುಕತೆಯಲ್ಲಿ ಪದೇ ಪದೇ ಕೇಳಿಬರುವ ಲೆಕ್ಕದ ಪದ 'ಸರಾಸರಿ'. ದಿನದ ಮಾರಾಟ ಸರಾಸರಿ ಇಷ್ಟು, ಬಿಲ್ಲಿನ ಹಣ ಕೈಸೇರಲು ಸರಾಸರಿ ಇಷ್ಟು ದಿನ, ಪೊಟ್ಟಣದ ತೂಕ ಸರಾಸರಿ ಇಷ್ಟು ಎಂದು ಇಡೀ ತಿಂಗಳ ವ್ಯವಹಾರವನ್ನು ಒಂದೇ ಅಂಕಿಯಲ್ಲಿ ಹೇಳಿ ಮುಗಿಸುವ ರೂಢಿ ನಮ್ಮಲ್ಲಿದೆ. ಸರಾಸರಿ ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡು ಯಂತ್ರಗಳನ್ನೋ ಇಬ್ಬರು ಖರೀದಿದಾರರನ್ನೋ ಹೋಲಿಸಿ ತೀರ್ಮಾನಕ್ಕೆ ಬರಬೇಕಾದಾಗ ಸರಾಸರಿಯೊಂದೇ ಸಾಲದು. ಅಂಕಿಗಳು ಆ ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದನ್ನೂ ನೋಡಲೇಬೇಕು. ನೋಡದಿದ್ದರೆ ಆಗುವ ನಷ್ಟ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ಆದರೂ ಅದು ನಮ್ಮ ಜೇಬಿನಿಂದಲೇ ಹೋಗುತ್ತಿರುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಸಾಲೆ ಪುಡಿ ತಯಾರಿಸುವ ಘಟಕವೊಂದರಲ್ಲಿ 500 ಗ್ರಾಂ ಪೊಟ್ಟಣ ತುಂಬುವ ಎರಡು ಯಂತ್ರಗಳಿವೆಯೆಂದು ಭಾವಿಸಿ. ಮೊದಲನೆಯದರ ಐದು ಪೊಟ್ಟಣಗಳ ತೂಕ 498, 502, 499, 501, 500 ಗ್ರಾಂ. ಎರಡನೆಯದರ ತೂಕ 480, 520, 485, 515, 500 ಗ್ರಾಂ. ಎರಡರ ಸರಾಸರಿಯೂ ಸರಿಯಾಗಿ 500 ಗ್ರಾಂ. ಸರಾಸರಿಯನ್ನಷ್ಟೇ ನೋಡುವ ಮಾಲೀಕರಿಗೆ ಎರಡೂ ಯಂತ್ರಗಳು ಸಮಾನ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೂ ಸರಾಸರಿಯ ಲೆಕ್ಕದಲ್ಲಿ ಬಂಡಿ ನೇರವಾಗಿಯೇ ಸಾಗಿದಂತೆ ತೋರುತ್ತದೆ!

ಕಾನೂನು ಮಾತ್ರ ಹಾಗೆ ನೋಡುವುದಿಲ್ಲ. 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸಾಮಗ್ರಿಗಳ ನಿಯಮಗಳು ಎರಡು ಪರೀಕ್ಷೆಗಳನ್ನು ಒಡ್ಡುತ್ತವೆ. ಮಾದರಿಗಾಗಿ ತೆಗೆದ ಪೊಟ್ಟಣಗಳ ಸರಾಸರಿ ನಮೂದಿತ ತೂಕಕ್ಕಿಂತ ಕಡಿಮೆಯಾಗಬಾರದು ಎಂಬುದು ಒಂದು. ಬಿಡಿ ಪೊಟ್ಟಣದ ಕೊರತೆಗೂ ಮಿತಿಯುಂಟು ಎಂಬುದು ಇನ್ನೊಂದು. 500 ಗ್ರಾಂ ಪೊಟ್ಟಣಕ್ಕೆ ಈ ಮಿತಿ 15 ಗ್ರಾಂ. ನಮ್ಮ ಎರಡನೆಯ ಯಂತ್ರದ 480 ಗ್ರಾಂ ಪೊಟ್ಟಣ 20 ಗ್ರಾಂ ಕೊರತೆಯುಳ್ಳದ್ದು. ಮೊದಲ ಪರೀಕ್ಷೆಯಲ್ಲಿ ಗೆದ್ದ ಯಂತ್ರ ಎರಡನೆಯ ಪರೀಕ್ಷೆಯಲ್ಲಿ ಎಡವಿತು.

ಇದಕ್ಕೆ ಸಾಮಾನ್ಯವಾಗಿ ಮಾಡುವ ಪರಿಹಾರವೇನು? ಯಂತ್ರದ ಅಳತೆಯನ್ನು 10 ಗ್ರಾಂ ಮೇಲಕ್ಕೆ ಏರಿಸಿಬಿಡುವುದು. ದಿನಕ್ಕೆ 1,000 ಪೊಟ್ಟಣ ತುಂಬುವ ಘಟಕದಲ್ಲಿ ಇದರಿಂದ ಪ್ರತಿದಿನ 10 ಕಿಲೋ, 25 ಕೆಲಸದ ದಿನಗಳ ತಿಂಗಳಲ್ಲಿ 250 ಕಿಲೋ ಸರಕು ಬಿಟ್ಟಿಯಾಗಿ ಹೊರಹೋಗುತ್ತದೆ. ಅದರ ಬೆಲೆಯನ್ನು ಓದುಗರು ತಮ್ಮ ತಮ್ಮ ಸರಕಿನ ದರದಲ್ಲಿ ತಾವೇ ಲೆಕ್ಕ ಹಾಕಿಕೊಳ್ಳಲಿ. ಯಂತ್ರದ ದುರಸ್ತಿಗೆ ಹಣವಿಲ್ಲ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳಿತು.

ಚದುರುವಿಕೆಯನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ಅತಿ ಸರಳವಾದ ಅಳತೆ 'ವ್ಯಾಪ್ತಿ', ಅಂದರೆ ಗರಿಷ್ಠದಿಂದ ಕನಿಷ್ಠವನ್ನು ಕಳೆಯುವುದು. ಮೊದಲ ಯಂತ್ರದ್ದು 4 ಗ್ರಾಂ, ಎರಡನೆಯದರದ್ದು 40 ಗ್ರಾಂ. ಇನ್ನೂ ನಂಬಲರ್ಹವಾದದ್ದು 'ಮಾನಕ ವಿಚಲನೆ'. ಪ್ರತಿಯೊಂದು ಅಂಕಿ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಬರೆದುಕೊಂಡು, ಆ ದೂರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲ ಕಂಡುಹಿಡಿದರಾಯಿತು. ಮೇಲಿನ ಯಂತ್ರಗಳಿಗೆ ಇದು ಕ್ರಮವಾಗಿ 1.4 ಮತ್ತು 15.8 ಗ್ರಾಂ. ಇಂದು ಗಣಕಯಂತ್ರದ ಲೆಕ್ಕಹಾಳೆ ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತದೆ.

ಎರಡು ಸರಕುಗಳ ಸರಾಸರಿಗಳೇ ಬೇರೆ ಬೇರೆಯಾದಾಗ ಮಾನಕ ವಿಚಲನೆಯನ್ನು ನೇರವಾಗಿ ಹೋಲಿಸಲಾಗದು. ಕಿರಾಣಿ ಅಂಗಡಿಯೊಂದರಲ್ಲಿ ತೊಗರಿಬೇಳೆಯ ವಾರದ ಮಾರಾಟ ಸರಾಸರಿ 200 ಕಿಲೋ, ಮಾನಕ ವಿಚಲನೆ 20 ಕಿಲೋ. ಏಲಕ್ಕಿಯದು ಸರಾಸರಿ 5 ಕಿಲೋ, ಮಾನಕ ವಿಚಲನೆ 2 ಕಿಲೋ ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಬೇಳೆಯ ಏರಿಳಿತವೇ ಹೆಚ್ಚು. ಆದರೆ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ಶೇಕಡಾವಾರು ಮಾಡಿದರೆ ಬೇಳೆಗೆ ಶೇ. 10, ಏಲಕ್ಕಿಗೆ ಶೇ. 40. 'ಮಾರ್ಪಿನ ಗುಣಾಂಕ'ವೆಂದು ಶಾಲೆಯಲ್ಲಿ ಕಲಿತದ್ದು ಇದನ್ನೇ. ಮಾರಾಟದ ಅಂದಾಜು ತಪ್ಪುವ ಸಂಭವ ಏಲಕ್ಕಿಯಲ್ಲೇ ಹೆಚ್ಚು. ದುಬಾರಿ ಸರಕಾದ್ದರಿಂದ ದಾಸ್ತಾನಿನ ನಿರ್ಧಾರವನ್ನು ಅಲ್ಲಿಯೇ ಹೆಚ್ಚು ಎಚ್ಚರಿಕೆಯಿಂದ ಮಾಡಬೇಕು.

ಈಗ ನಮ್ಮೆಲ್ಲರನ್ನೂ ಬಾಧಿಸುವ ಬಾಕಿ ವಸೂಲಿಯ ವಿಷಯಕ್ಕೆ ಬರೋಣ. ಒಬ್ಬ ಖರೀದಿದಾರರು ಐದು ಬಿಲ್ಲುಗಳ ಹಣವನ್ನು 38, 41, 40, 43, 38 ದಿನಗಳಲ್ಲಿ ಪಾವತಿಸಿದರು. ಇನ್ನೊಬ್ಬರು 10, 12, 88, 15, 75 ದಿನಗಳಲ್ಲಿ ಪಾವತಿಸಿದರು. ಇಬ್ಬರ ಸರಾಸರಿಯೂ 40 ದಿನ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಕರಾರಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಸರಾಸರಿಯಲ್ಲಿ ಇಬ್ಬರೂ ಕಾಯ್ದೆಯ ಒಳಗೇ ಇದ್ದಾರೆ; ವಾಸ್ತವದಲ್ಲಿ ಎರಡನೆಯವರ ಐದರಲ್ಲಿ ಎರಡು ಬಿಲ್ಲುಗಳು ಮಿತಿ ಮೀರಿವೆ. ಕಾರ್ಮಿಕರ ಸಂಬಳ, ಬ್ಯಾಂಕಿನ ಕಂತು, ವಿದ್ಯುತ್ ಬಿಲ್ಲು ಇವಾವುವೂ ಸರಾಸರಿಗಾಗಿ ಕಾಯುವುದಿಲ್ಲ. 88 ದಿನ ಹಣ ಬಾರದಿದ್ದಾಗ ಬಡ್ಡಿಗೆ ಸಾಲ ತರಬೇಕಾದವರು ನಾವೇ. ಹತ್ತು ದಿನಕ್ಕೇ ಬಂದ ಹಣ ಆ ಬಡ್ಡಿಯನ್ನು ತುಂಬಿಕೊಡುವುದು ಅಪರೂಪ.

ಚದುರುವಿಕೆಯನ್ನು ಗಮನಿಸುವುದು ನಮಗೆ ಹೊಸತೇನಲ್ಲ. ಕೃಷಿ ಉತ್ಪನ್ನ ಮಾರುಕಟ್ಟೆಯ ದಿನದ ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಹಾಗೂ ಮಾದರಿ ದರಗಳೆಂದು ಮೂರು ಅಂಕಿಗಳಿರುತ್ತವೆ. ಅನುಭವಿ ವರ್ತಕರು ಮೂರನ್ನೂ ನೋಡಿಯೇ ಸವಾಲು ಕೂಗುತ್ತಾರೆ. ಕಾರ್ಖಾನೆಗಳಲ್ಲಿ ಈ ವಿಚಾರಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಅಮೆರಿಕದ ವಾಲ್ಟರ್ ಶೆವಾರ್ಟ್. ಅವರು ನಿಯಂತ್ರಣ ನಕ್ಷೆಯನ್ನು ರೂಪಿಸಿದ್ದು 1924ರಲ್ಲಿ. ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ಬೆಳೆಸಿತು. ಅದರ ಕೇಂದ್ರವೊಂದು ಬೆಂಗಳೂರಿನಲ್ಲಿಯೇ ಇದೆ.

ಹೋಲಿಕೆ ಮಾಡುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಐದು ಅಂಕಿಗಳ ವ್ಯಾಪ್ತಿಯನ್ನು ಐವತ್ತು ಅಂಕಿಗಳ ವ್ಯಾಪ್ತಿಯೊಂದಿಗೆ ಹೋಲಿಸಬಾರದು. ಅಂಕಿಗಳು ಹೆಚ್ಚಿದಂತೆ ವ್ಯಾಪ್ತಿ ಹಿಗ್ಗುವುದು ಸಹಜ. ಹಬ್ಬದ ತಿಂಗಳ ಮಾರಾಟವನ್ನು ಆಷಾಢದ ಮಾರಾಟದೊಂದಿಗೆ ಇಟ್ಟು ಯಾವ ನೌಕರನ ಸಾಮರ್ಥ್ಯವನ್ನೂ ಅಳೆಯಬಾರದು. ಒಂದು ಅಂಕಿ ಉಳಿದವುಗಳಿಂದ ತೀರಾ ದೂರವಿದ್ದರೆ ಅದನ್ನು ಕೈಬಿಡುವ ಮೊದಲು ಕಾರಣವನ್ನು ವಿಚಾರಿಸಬೇಕು. ಅಂತಹ ಅಂಕಿಯಿದ್ದಲ್ಲಿ ಸರಾಸರಿಯ ಜೊತೆಗೆ, ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ನಡುವೆ ಬರುವ 'ಮಧ್ಯಾಂಕ'ವನ್ನೂ ನೋಡುವುದು ಒಳ್ಳೆಯದು. ಮೇಲಿನ ಎರಡನೆಯ ಖರೀದಿದಾರರ ಮಧ್ಯಾಂಕ ಕೇವಲ 15 ದಿನ. ಸರಾಸರಿಗೂ ಮಧ್ಯಾಂಕಕ್ಕೂ ಇಷ್ಟು ಅಂತರ ಕಂಡಾಗಲೇ ಎಲ್ಲೋ ದೊಡ್ಡ ಬಾಕಿ ಅಡಗಿದೆಯೆಂದು ತಿಳಿಯಬೇಕು.

ಕೊನೆಯದಾಗಿ ನಮ್ಮ ವಾಣಿಜ್ಯ ಸಂಸ್ಥೆಗೆ ಒಂದು ವಿನಂತಿ. ಬಾಕಿ ಪಾವತಿಯ ವಿಳಂಬದ ಬಗ್ಗೆ ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ಸದಸ್ಯರಿಂದ ಸಂಗ್ರಹಿಸಿದ ಮಾಹಿತಿಯ ಸರಾಸರಿಯನ್ನಷ್ಟೇ ಕೊಡಬಾರದು. 'ಸರಾಸರಿ 40 ದಿನ' ಎಂದು ನಾವೇ ಬರೆದುಕೊಟ್ಟರೆ, ತೊಂದರೆಯೇ ಇಲ್ಲವಲ್ಲ ಎಂದು ಅಧಿಕಾರಿಗಳು ಕೇಳುವುದು ಸಹಜ. ಎಷ್ಟು ಬಿಲ್ಲುಗಳು 45 ದಿನ ಮೀರಿವೆ, ಅತಿ ಹೆಚ್ಚಿನ ವಿಳಂಬವೆಷ್ಟು ಎಂಬುದೂ ಮನವಿಯಲ್ಲಿರಲಿ. ಸದಸ್ಯ ಬಾಂಧವರು ಸಹ ಈ ತಿಂಗಳಿನಿಂದಲೇ ತಮ್ಮ ಲೆಕ್ಕಪುಸ್ತಕದಲ್ಲಿ ಸರಾಸರಿಯ ಪಕ್ಕದಲ್ಲಿ ಕನಿಷ್ಠ ಮತ್ತು ಗರಿಷ್ಠಗಳಿಗೆ ಎರಡು ಅಂಕಣಗಳನ್ನು ಎಳೆಯಲಿ. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ. ತಪ್ಪುವ ನಷ್ಟ ಸಣ್ಣದಲ್ಲ.