ಜಾತ್ರೆಯಲ್ಲಿ ತಲೆ ಎಣಿಸೋರಿಗೆ



ಸ್ವಲ್ಪ ಉದ್ದದ ಪೋಸ್ಟ್. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಮೊನ್ನೆ ಒಂದು ಕಾರ್ಯಕ್ರಮದಲ್ಲಿ ಮೂಢನಂಬಿಕೆ ಬಗ್ಗೆ ಮಾತಾಡಿ ಕೆಳಗಿಳಿದೆ. ನಮ್ಮದೇ ಕೇರಿಯ ಹುಡುಗ, ಡಿಗ್ರಿ ಓದ್ತಿರೋನು, ಪ್ರತಿ ಏಪ್ರಿಲ್ 14ಕ್ಕೆ ಬ್ಯಾನರ್ ಕಟ್ಟೋಕೆ ಮೊದಲು ಬರೋನು, ಪಕ್ಕಕ್ಕೆ ಕರೆದು ಕೇಳಿದ: "ಅಣ್ಣಾ, ತಪ್ಪು ತಿಳ್ಕೋಬೇಡಿ. ಇಷ್ಟು ಲಕ್ಷ ಜನ, ಇಷ್ಟು ನೂರು ವರ್ಷದಿಂದ ಹೋಗ್ತಿದಾರೆ ಅಂದ್ರೆ ಅದರಲ್ಲಿ ಏನೋ ಸತ್ಯ ಇರಲೇಬೇಕಲ್ವಾ? ಅಷ್ಟೂ ಜನ ದಡ್ಡರಾ?"

ನಿಂತ ಜಾಗದಲ್ಲೇ ಏನೋ ಉತ್ತರ ಕೊಟ್ಟೆ. ಅವನಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಮನೆಗೆ ಬಂದ ಮೇಲೂ ಅದು ತಲೆಯಲ್ಲೇ ಕೂತಿತ್ತು. ಯಾಕಂದ್ರೆ ಇದು ಆ ಹುಡುಗ ಒಬ್ಬನ ಪ್ರಶ್ನೆ ಅಲ್ಲ. ಮಠದ ವೇದಿಕೆಯಿಂದ ಹಿಡಿದು ವಾಟ್ಸಾಪ್ ಗ್ರೂಪಿನವರೆಗೆ ಈಗ ನಡೀತಿರೋ ದೊಡ್ಡ ವಾದವೇ ಇದು. 2025ರ ಪ್ರಯಾಗರಾಜ್ ಕುಂಭಮೇಳಕ್ಕೆ 66 ಕೋಟಿ ಜನ ಬಂದರು ಅಂತ ಅಲ್ಲಿನ ಸರ್ಕಾರ ಹೇಳ್ತು. ಅಲ್ಲಿಗೆ ಚರ್ಚೆ ಮುಗೀತು! 66 ಕೋಟಿ ಜನರ ಮುಂದೆ ನೀನ್ಯಾವನು ಪ್ರಶ್ನೆ ಕೇಳೋಕೆ? ಅದೇ ಮೇಳದಲ್ಲಿ ಜನವರಿ 29ರ ನಸುಕಿನಲ್ಲಿ ಕಾಲ್ತುಳಿತ ಆಯ್ತು. ಸರ್ಕಾರದ ಲೆಕ್ಕದಲ್ಲೇ 30 ಜನ ಸತ್ತರು. ಮುಳುಗಿದವರ ಸಂಖ್ಯೆ ಗಂಟೆಗೊಮ್ಮೆ ಟಿವಿಯಲ್ಲಿ ಬರ್ತಿತ್ತು, ಸತ್ತವರ ಸಂಖ್ಯೆ ಹೊರಬರೋಕೆ ಸಂಜೆ ಆಗಬೇಕಾಯ್ತು. ಯಾರನ್ನ ಎಣಿಸ್ತಾರೆ, ಯಾರನ್ನ ಎಣಿಸಲ್ಲ ಅನ್ನೋದರಿಂದಲೇ ಈ ಮಾತು ಶುರು ಮಾಡಬೇಕು.

ಮೊದಲು ನಮ್ಮ ಮನೆ ವಿಷಯ ಹೇಳಿಬಿಡ್ತೀನಿ. ಇಲ್ಲಾಂದ್ರೆ ನಾನು ದೂರ ನಿಂತು ಉಪದೇಶ ಮಾಡಿದಂಗಾಗುತ್ತೆ.

ನಮ್ಮವ್ವ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗ್ತಾಳೆ. ಗೋಡೆ ಮೇಲೆ ಬಾಬಾಸಾಹೇಬರ ಫೋಟೋ, ಕೆಳಗೆ ಅವ್ವನ ಭಂಡಾರದ ಡಬ್ಬಿ. ಇದು ನಮ್ಮ ಮನೆ. ನಿಮ್ಮಲ್ಲಿ ಬಹಳ ಜನರ ಮನೆಯೂ ಹಿಂಗೇ ಇದೆ, ಒಪ್ಪಿಕೊಳ್ಳೋಣ. ಒಮ್ಮೆ ಜಗಳ ಮಾಡಿದ್ದೆ. "ಯಾಕವ್ವಾ ಹೋಗ್ತಿ?" ಅಂದ್ರೆ, "ನಾನೊಬ್ಬಾಕಿನ ಹೊಕ್ಕೀನೇನು? ಊರಿಗೂರ ಹೊಕ್ಕೈತಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ತಾನಾಗೇ ಹೇಳಿದಳು: "ಎರಡ ದಿನ ನಿಮಗ ರೊಟ್ಟಿ ಬಡಿಯೂದು ತಪ್ಪತೈತಿ. ಅಕ್ಕ ತಂಗೇರು ಸಿಗ್ತಾರ. ಅತ್ತ ಮನಸ ಹಗುರ ಮಾಡ್ಕೊಂಡ ಬರ್ತೀನಿ."

ಅವ್ವ ಹೇಳಿದ ಎರಡನೇ ಮಾತು ನನಗೆ ಬಹಳ ಕಲಿಸ್ತು. ಹೊಲದ ಕೆಲಸ, ಮನೆ ಕೆಲಸ ಬಿಟ್ಟು ಒಬ್ಬ ಬಡ ಹೆಂಗಸು ಮನೆಯಿಂದ ಎರಡು ದಿನ ಹೊರಗೆ ಹೋಗಬೇಕು ಅಂದ್ರೆ ಈ ಸಮಾಜ ಬಿಟ್ಟಿರೋ ಬಾಗಿಲು ಎಷ್ಟು? ತವರು, ಆಸ್ಪತ್ರೆ, ದೇವರು. ಅವಳು ದೇವರ ಬಾಗಿಲಿಂದ ಹೊರಗೆ ಬರ್ತಾಳೆ. ಅಂದ್ರೆ ಗುಡ್ಡದ ಮೇಲಿನ ಜನಸಾಗರ ಏನಕ್ಕೂ ಸಾಕ್ಷಿ ಅಲ್ಲ ಅಂತಲ್ಲ. ಅದು ಜನರ ಬಾಯಾರಿಕೆಗೆ ಸಾಕ್ಷಿ. ಬಾವಿ ಮುಂದೆ ಉದ್ದ ಸಾಲು ಇದೆ ಅಂದ್ರೆ ಊರಿಗೆ ಬಾಯಾರಿದೆ ಅಂತ ಅರ್ಥ. ನೀರು ಶುದ್ಧವಾಗಿದೆಯಾ ಅನ್ನೋದನ್ನ ಸಾಲು ನೋಡಿ ಹೇಳೋಕಾಗಲ್ಲ, ನೀರನ್ನೇ ಪರೀಕ್ಷೆ ಮಾಡಬೇಕು.

ಮಾಡಿ ನೋಡೋಣ. ಅದೇ ಗುಡ್ಡಕ್ಕೆ ಎಲ್ಲಾ ಜಾತಿಯವರೂ ಹೋಗ್ತಾರೆ. ಸರಿ. ಅದೇ ದೇವಿ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡೋರು ಯಾರು? ಬಹುಪಾಲು ನಮ್ಮ ಕೇರಿಯ ಹೆಣ್ಣುಮಕ್ಕಳು. ದೇವದಾಸಿ ಪದ್ಧತಿ ನಿಲ್ಲಿಸೋಕೆ 1982ರಲ್ಲಿ ಈ ರಾಜ್ಯ ಕಾಯ್ದೆ ತರಬೇಕಾಯ್ತು. ಗುಡ್ಡ ಹತ್ತೋರ ಲೆಕ್ಕದಲ್ಲಿ ಗೌಡರ ಮನೆಯವರೂ ಒಂದೇ, ನಮ್ಮ ಮನೆಯವರೂ ಒಂದೇ. ಆದರೆ ಬೆಲೆ ಕಟ್ಟಿದೋರ ಲೆಕ್ಕ ತೆಗೆದರೆ? ಅಲ್ಲಿ ಕೇರಿಯೇ ತುಂಬಿದೆ. ತಲೆ ಎಣಿಸೋ ವಾದದ ಮೋಸ ಇರೋದೇ ಇಲ್ಲಿ. ಅದು ಬಂದವರನ್ನ ಎಣಿಸುತ್ತೆ, ಬೆಲೆ ತೆತ್ತವರನ್ನ ಎಣಿಸಲ್ಲ.

ಇನ್ನು "ಜನ ಇಷ್ಟಪಟ್ಟೇ ಮಾಡ್ತಾರಲ್ಲ" ಅನ್ನೋ ಮಾತು.

ಸೊರಬ ತಾಲ್ಲೂಕಿನ ಚಂದ್ರಗುತ್ತಿ ನೆನಪಿದೆಯಾ? ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ವರದಾ ನದಿಯಲ್ಲಿ ಮುಳುಗಿ, ಬೆತ್ತಲಾಗಿ ರೇಣುಕಾಂಬೆಯ ಬೆಟ್ಟ ಹತ್ತೋ ಸೇವೆ ಅಲ್ಲಿತ್ತು. ಹತ್ತುತ್ತಿದ್ದವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಹೆಣ್ಣುಮಕ್ಕಳು. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರು, ಬೇರೆ ಪ್ರಗತಿಪರರು ಅಲ್ಲಿಗೆ ಹೋದರು. ಕೈಯಲ್ಲಿ ಕರಪತ್ರ, ಬಾಯಲ್ಲಿ ವಿನಂತಿ. ಹಿಂಗೆ ಮಾಡಬೇಡಿ ಅಂತ ತಿಳಿಹೇಳೋಕೆ ಹೋದೋರು. ಏನಾಯ್ತು? ಜನಸಮೂಹ ತಿರುಗಿಬಿತ್ತು. ಕಾರ್ಯಕರ್ತರನ್ನ ಹೊಡೆದು ಬಟ್ಟೆ ಬಿಚ್ಚಿಸಿದರು. ಪೊಲೀಸರನ್ನೂ ಬಿಡಲಿಲ್ಲ, ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆ ದಿನ ಅಲ್ಲಿ ಓಟಿಂಗ್ ನಡೆಸಿದ್ರೆ ಬೆತ್ತಲೆ ಸೇವೆಯೇ ಭಾರೀ ಅಂತರದಿಂದ ಗೆಲ್ತಿತ್ತು. ನಮ್ಮವರಿಗೆ ಬೀಳ್ತಿದ್ದದ್ದು ಬೆರಳೆಣಿಕೆ ಓಟು. ಆಮೇಲೆ ಆ ಸೇವೆ ನಿಷೇಧ ಆಯ್ತು. ಇವತ್ತು ಅದನ್ನ ವಾಪಸ್ ತರಬೇಕು ಅಂತ ವೇದಿಕೆ ಮೇಲೆ ನಿಂತು ಕೇಳೋ ಧೈರ್ಯ ಎಷ್ಟು ಜನಕ್ಕಿದೆ? ಹಂಗಾದ್ರೆ ಸತ್ಯ ಯಾವಾಗ ಬದಲಾಯ್ತು? ಬದಲಾಗಲೇ ಇಲ್ಲ. ಒಬ್ಬ ಹೆಣ್ಣುಮಗಳ ಮಾನ ಅಂದಿಗೂ ಅಷ್ಟೇ ದೊಡ್ಡದಿತ್ತು, ಬದಲಾದದ್ದು ನಮ್ಮ ಪರ ಇದ್ದ ತಲೆಗಳ ಸಂಖ್ಯೆ ಮಾತ್ರ.

ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನವನ್ನೇ ತಗೊಳ್ಳಿ. ಚಂಪಾಷಷ್ಠಿ ಹೊತ್ತಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಜನ ಉರುಳೋದು. ಉರುಳಿದರೆ ಚರ್ಮರೋಗ ವಾಸಿ ಆಗುತ್ತೆ ಅನ್ನೋ ನಂಬಿಕೆ. ವಿರೋಧ ಬಂದಾಗ ಪರವಾಗಿ ನಿಂತವರಲ್ಲಿ ಮಲೆಕುಡಿಯರೂ ಇದ್ದರು, ಆ ನಾಡಿನ ಮೂಲನಿವಾಸಿಗಳು. "ನೋಡಿ, ಅವರೇ ಬೇಕು ಅಂತಿದಾರೆ, ನಿಮಗೇನು ಕಷ್ಟ?" ಅಂತ ಮೇಲಿನವರು ನಗ್ತಾ ಕೇಳಿದರು. ನಾನು ತಿರುಗಿ ಕೇಳ್ತೀನಿ. ಅಷ್ಟು ಪವಿತ್ರ, ಅಷ್ಟು ಪರಿಣಾಮಕಾರಿ ಸೇವೆ ಆದ್ರೆ ಒಂದು ವರ್ಷ ಎಲೆ ಅದಲುಬದಲು ಮಾಡಿ ನೋಡೋಣ ಅಂತ ಯಾಕೆ ಯಾರೂ ಹೇಳಲಿಲ್ಲ? ಮಲೆಕುಡಿಯರು ಉಂಡ ಎಲೆ ಮೇಲೆ ಉಳಿದವರು ಉರುಳಲಿ. ಚರ್ಮರೋಗ ಜಾತಿ ನೋಡಿ ಬರುತ್ತಾ? ಒಂದೇ ಕಡೆಯಿಂದ ಇನ್ನೊಂದು ಕಡೆಗೆ ಮಾತ್ರ ಹರಿಯೋ ಪುಣ್ಯ ಅದು ಪುಣ್ಯ ಅಲ್ಲ, ಜಾತಿ. 2014ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು, 2017ರ ಕಾಯ್ದೆಯಲ್ಲಿ ಮಡೆಸ್ನಾನ ನಿಷೇಧ ಆಯ್ತು. ಕೆಳಗಿನವನು "ನನಗೆ ಬೇಕು" ಅಂದ ಮಾತ್ರಕ್ಕೆ ಅದು ಸ್ವಾತಂತ್ರ್ಯ ಆಗಲ್ಲ. ತಲೆಮಾರುಗಟ್ಟಲೆ ಬಗ್ಗಿಸಿದ ಬೆನ್ನಿಗೆ ಬಗ್ಗೋದೇ ಆರಾಮ ಅನ್ನಿಸಿಬಿಡುತ್ತೆ.

ಈಗ ಈ ವಾದವನ್ನ ಅದರ ಕೊನೆವರೆಗೂ ಎಳೆಯೋಣ. ಹೆಚ್ಚು ಜನ, ಹೆಚ್ಚು ಕಾಲ ಆಚರಿಸಿದ್ದೇ ಸತ್ಯ ಅನ್ನೋದಾದ್ರೆ ಈ ದೇಶದ ಪರಮ ಸತ್ಯ ಯಾವುದು? ಅಸ್ಪೃಶ್ಯತೆ! ಅದಕ್ಕಿಂತ ಜನಪ್ರಿಯ ಧಾರ್ಮಿಕ ಆಚರಣೆ ಇನ್ನೊಂದು ತೋರಿಸಿ. ಭಾಷೆ ಬೇರೆ, ದೇವರು ಬೇರೆ, ಊಟ ಬೇರೆ ಇರೋ ಊರುಗಳಲ್ಲೂ ಕೇರಿ ಮಾತ್ರ ಊರಾಚೆಗೇ ಇತ್ತು. ಅದಕ್ಕೂ ಶಾಸ್ತ್ರ ಇತ್ತು, ಪುಣ್ಯಪಾಪದ ಲೆಕ್ಕ ಇತ್ತು, ನೂರಾರು ವರ್ಷಗಳ ಪರಂಪರೆ ಇತ್ತು, ಕೋಟಿ ಕೋಟಿ ಜನರ ಶ್ರದ್ಧೆ ಇತ್ತು. 1927ರಲ್ಲಿ ಮಹಾಡದ ಚೌಡಾರ್ ಕೆರೆಯಲ್ಲಿ ಬಾಬಾಸಾಹೇಬರು ನೀರು ಮುಟ್ಟಿದಾಗ ಬಹುಮತ ಯಾರ ಕಡೆಗಿತ್ತು? ತಲೆ ಎಣಿಸಿಯೇ ಸತ್ಯ ತೀರ್ಮಾನ ಆಗೋದಾದ್ರೆ ಅವರು ಅವತ್ತು ಬೊಗಸೆ ನೀರು ಚೆಲ್ಲಿ ಮನೆಗೆ ವಾಪಸ್ ಬರಬೇಕಿತ್ತು. ಪ್ರಶ್ನೆ ಕೇಳಿದ ತಮ್ಮಾ, ನೀನು ಓದ್ತಿರೋ ಕಾಲೇಜಿನ ಬೆಂಚು ಕೂಡ ಬಹುಮತ ಕೊಟ್ಟದ್ದಲ್ಲ ಕಣೋ.

ಇಲ್ಲಿವರೆಗೂ ಓದಿ ಚಪ್ಪಾಳೆ ತಟ್ಟಿದೋರು ಒಂದು ನಿಮಿಷ ನಿಲ್ಲಿ. ಈಗ ನಮ್ಮ ಕಡೆಗೆ ಬರ್ತೀನಿ.

ನಾವೇನು ಕಡಿಮೆಯಾ? ದೀಕ್ಷಾಭೂಮಿಯ ಜನಸಾಗರದ ಡ್ರೋನ್ ವಿಡಿಯೋ ಹಾಕಿ "ಇದೇ ಉತ್ತರ" ಅಂತ ಬರೀತೀವಿ. ನಾನೂ ಬರೆದಿದೀನಿ. ಸಂತೋಷ ಪಡೋದು ತಪ್ಪಲ್ಲ, ಒಂಟಿಯಾಗಿ ಒದೆ ತಿಂದೋರಿಗೆ ಜನ ಕಂಡ್ರೆ ಎದೆ ತುಂಬುತ್ತೆ. ಆದರೆ ಅದನ್ನೇ ವಾದ ಮಾಡಬೇಡಿ. ಯಾಕೆ ಅಂತ ಅಂಕಿ ಸಮೇತ ಹೇಳ್ತೀನಿ. 1951ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಬೌದ್ಧರು ಎರಡು ಲಕ್ಷವೂ ಇರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಆಯ್ತು. 1961ರ ಹೊತ್ತಿಗೆ ಸಂಖ್ಯೆ 32 ಲಕ್ಷ ದಾಟಿತ್ತು. ಹಂಗಾದ್ರೆ ಬುದ್ಧ ಹೇಳಿದ್ದು 1951ರಲ್ಲಿ ಸ್ವಲ್ಪ ನಿಜ, 1961ರಲ್ಲಿ ಬಹಳ ನಿಜ ಅಂತಲಾ? ನಮ್ಮ ಕರ್ನಾಟಕ ನೋಡಿ. 2001ರ ಜನಗಣತಿಯಲ್ಲಿ ಬೌದ್ಧರು ಸುಮಾರು 3.9 ಲಕ್ಷ. 2011ರಲ್ಲಿ ಸುಮಾರು 95 ಸಾವಿರ. ಹತ್ತೇ ವರ್ಷದಲ್ಲಿ ಧಮ್ಮದ ಸತ್ಯ ಮುಕ್ಕಾಲು ಪಾಲು ಕರಗಿ ಹೋಯ್ತಾ? ಇಲ್ಲ. ಫಾರ್ಮಿನಲ್ಲಿ ಏನು ಬರೆಸಬೇಕು, ಬೌದ್ಧ ಅಂದ್ರೆ ಜಾತಿ ಸರ್ಟಿಫಿಕೇಟ್‌ಗೆ ತೊಂದರೆ ಆಗುತ್ತಾ ಅನ್ನೋ ಹೆದರಿಕೆ ಇವತ್ತಿಗೂ ನಮ್ಮ ಮನೆಗಳಲ್ಲಿದೆ. ಬೌದ್ಧರಾದ ಪರಿಶಿಷ್ಟರಿಗೂ ಮೀಸಲಾತಿ ಇದೆ ಅಂತ 1990ರಲ್ಲೇ ತಿದ್ದುಪಡಿ ಆಗಿದ್ರೂ ಈ ಮಾತು ನಾವು ಮನೆಮನೆಗೆ ಮುಟ್ಟಿಸಲಿಲ್ಲ. ಆ ಅಂಕಿ ನಮ್ಮ ಕೆಲಸದ ಬಗ್ಗೆ ಹೇಳುತ್ತೆ. ಧಮ್ಮದ ಬಗ್ಗೆ ಏನೂ ಹೇಳಲ್ಲ.

ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯಲ್ಲ ಅಂತ ಘೋಷಣೆ ಮಾಡಿದ ಮೇಲೆ ದೀಕ್ಷೆಗೆ 21 ವರ್ಷ ತಗೊಂಡರು. ಸಂಖ್ಯೆಯೇ ಬೇಕಾಗಿದ್ರೆ ಆಗ ದೊಡ್ಡ ದೊಡ್ಡ ಧರ್ಮಗಳು ಬಾಗಿಲು ತೆರೆದು ಕರೀತಿದ್ವು. ಅವರು ಆರಿಸಿಕೊಂಡದ್ದು ಈ ದೇಶದಲ್ಲಿ ಹೆಚ್ಚುಕಡಿಮೆ ಖಾಲಿಯಾಗಿದ್ದ ಮನೆ. 1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲದವರು ಅವರ ಭಾಷಣ ರದ್ದು ಮಾಡಿದರು. ಕೇಳುಗರ ಸಂಖ್ಯೆ ಸೊನ್ನೆ. ಅದನ್ನ ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿದರು, 'ಜಾತಿ ವಿನಾಶ' ಅಂತ ನಾವು ಓದೋದು ಅದನ್ನೇ. ಅದು ಇವತ್ತು ಎಲ್ಲರೂ ಓದ್ತಾರೆ ಅಂತ ಸತ್ಯ ಅಲ್ಲ. ಸಭಾಂಗಣ ಖಾಲಿ ಇದ್ದಾಗಲೂ ಅದರ ಒಂದೊಂದು ವಾದವೂ ಅಷ್ಟೇ ಗಟ್ಟಿಯಾಗಿತ್ತು.

ಹಂಗಂತ ಉಲ್ಟಾ ತಪ್ಪೂ ಮಾಡಬೇಡಿ. ಕೆಲವು ವಿಚಾರವಾದಿಗಳಿಗೆ ಒಂದು ಚಟ ಇದೆ: ಜನ ಸೇರಿದ ಕಡೆಯೆಲ್ಲಾ ಮೂರ್ಖತನ, ನಾವು ಹತ್ತು ಜನ ಕೂತಿರೋ ರೂಮಿನಲ್ಲಿ ಮಾತ್ರ ಜ್ಞಾನ. ಕಡಿಮೆ ಜನ ಇದ್ದಾರೆ ಅನ್ನೋದೂ ಸತ್ಯಕ್ಕೆ ಸರ್ಟಿಫಿಕೇಟ್ ಅಲ್ಲ. ಮೂರೇ ಜನ ನಂಬೋ ಸುಳ್ಳುಗಳೂ ಬೇಕಾದಷ್ಟಿವೆ. ಹುಡುಗ "ಅಷ್ಟೂ ಜನ ದಡ್ಡರಾ?" ಅಂತ ಕೇಳಿದ್ದು ಈ ಅಹಂಕಾರಕ್ಕೆ ಹೆದರಿ. ಇಲ್ಲಪ್ಪ, ದಡ್ಡರಲ್ಲ. ನಮ್ಮವ್ವ ದಡ್ಡಿ ಅಲ್ಲ, ಅವಳು ಬಾಯಾರಿದವಳು.

"ಪ್ರಜಾಪ್ರಭುತ್ವ ಅಂತೀರಿ, ಬಹುಮತ ಒಪ್ಪಲ್ಲ ಅಂತೀರಿ" ಅಂತ ಇನ್ನೊಂದು ಕೊಂಕು ಬರುತ್ತೆ. ಯಾರು ಆಳಬೇಕು ಅನ್ನೋದಕ್ಕೆ ಓಟು. ಯಾವುದು ನಿಜ ಅನ್ನೋದಕ್ಕಲ್ಲ. ಆಳೋ ವಿಷಯದಲ್ಲೂ ಮೂಲಭೂತ ಹಕ್ಕುಗಳನ್ನ ಬಹುಮತದ ಕೈಗೆ ಸಲೀಸಾಗಿ ಸಿಗದಂಗೆ ಸಂವಿಧಾನ ಎತ್ತಿಟ್ಟಿದೆ. 17ನೇ ವಿಧಿಯನ್ನ ಊರೂರಲ್ಲಿ ಓಟಿಗೆ ಹಾಕಿದ್ರೆ ಎಷ್ಟು ಊರಲ್ಲಿ ಪಾಸಾಗ್ತಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹಂಗಾದ್ರೆ ಅಳತೆ ಯಾವುದು? ಬಾಬಾಸಾಹೇಬರು ಧರ್ಮವನ್ನ ನ್ಯಾಯದ ತಕ್ಕಡಿಗೆ ಹಾಕಿ ತೂಗಿದರು. ಬುದ್ಧ ಕಾಲಾಮರಿಗೆ ಹೇಳಿದ್ದೂ ಇದೇ ದಾರಿ: ಪರಂಪರೆ ಅಂತ ಒಪ್ಪಬೇಡಿ, ಗುರು ಹೇಳಿದ ಅಂತ ಒಪ್ಪಬೇಡಿ, ಅದರಿಂದ ಒಳಿತಾಗುತ್ತಾ ಕೆಡುಕಾಗುತ್ತಾ ನೀವೇ ನೋಡಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಯಾವ ಮಠ, ಯಾವ ಗುಡಿ, ಯಾವ ಗುರು, ಕೊನೆಗೆ ಯಾವ ವಿಹಾರವೇ ಆಗಲಿ, ಒಳಗೆ ಹೋಗಿ ಇಷ್ಟು ಕೇಳಿ. ಗರ್ಭಗುಡಿ ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ? ಊಟದ ಪಂಕ್ತಿ ಒಂದೇನಾ, ಎರಡಾ? ಎಂಜಲೆಲೆ ಎತ್ತೋರು, ಜಾತ್ರೆ ಮುಗಿದ ಮೇಲೆ ಕಕ್ಕಸು ತೊಳೆಯೋರು ಯಾವ ಕೇರಿಯವರು? ಪ್ರಶ್ನೆ ಕೇಳಿದೋನಿಗೆ ಉತ್ತರ ಸಿಗುತ್ತಾ, ಒದೆ ಸಿಗುತ್ತಾ? ಬಿಟ್ಟು ಹೋಗ್ತೀನಿ ಅಂದವನನ್ನ ಮರ್ಯಾದೆಯಿಂದ ಕಳಿಸಿಕೊಡ್ತಾರಾ? ಈ ಪರೀಕ್ಷೆ ಪಾಸಾದ್ರೆ ಅಲ್ಲಿ ನಾಲ್ಕೇ ಜನ ಇದ್ರೂ ನಾನು ಐದನೆಯವನಾಗಿ ಹೋಗಿ ಕೂರ್ತೀನಿ. ಫೇಲಾದ್ರೆ 66 ಕೋಟಿ ಇದ್ರೂ ನನ್ನನ್ನ ಎಣಿಸಬೇಡಿ.

ಕೊನೆಗೆ ಸಂಗಾತಿಗಳಿಗೆ ಒಂದು ಮಾತು. ಅವ್ವನಂಥವರಿಗೆ ಎರಡು ದಿನದ ಬಿಡುವು, ಅಕ್ಕತಂಗಿಯರ ಜೊತೆ ಕೂತು ಅಳೋಕೆ ನಗೋಕೆ ಒಂದು ಜಾಗ, ಇದನ್ನ ನಮ್ಮ ಚಳವಳಿ ಕೊಟ್ಟಿದೆಯಾ? ನಮ್ಮ ಕಾರ್ಯಕ್ರಮಗಳಲ್ಲಿ ಹೆಣ್ಣುಮಕ್ಕಳು ಹಿಂದಿನ ಸಾಲಲ್ಲಿ ಕೂತು, ಗಂಡಸರ ಎರಡೆರಡು ತಾಸಿನ ಭಾಷಣ ಕೇಳಿ, ಎದ್ದು ಹೋಗಿ ಅಡುಗೆ ಮಾಡ್ತಾರೆ. ಇದು ಬದಲಾಗದೆ "ಗುಡ್ಡಕ್ಕೆ ಹೋಗಬೇಡ" ಅಂದ್ರೆ ಯಾರು ಕೇಳ್ತಾರೆ? ಈ ಸಲ ನಮ್ಮೂರಲ್ಲಿ ಬುದ್ಧ ಪೂರ್ಣಿಮೆಗೆ ಅಡುಗೆ ಗಂಡಸರದ್ದು, ಮೈಕು ಹೆಂಗಸರದ್ದು ಅಂತ ಮಾತಾಗಿದೆ. ಅವ್ವನಿಗೆ ಹೇಳಿದೆ. "ನೀ ಮಾಡಿದ ಸಾರು ಯಾರ ಉಣ್ತಾರೋ ಯಪ್ಪಾ" ಅಂದಳು. ಆದ್ರೆ ಬರ್ತೀನಿ ಅಂದಿದಾಳೆ.

ಎಷ್ಟು ಜನ ಬಂದರು ಅಂತ ಆಮೇಲೆ ಕೇಳಬೇಡಿ. ಅವತ್ತು ಮೈಕು ಹಿಡಿದು ಯಾರು ಮಾತಾಡಿದರು ಅಂತ ಕೇಳಿ.

ಜೈ ಭೀಮ್.