ಕಂಪ್ಯೂಟರ್ ಮಾರುವ ಮುನ್ನ ಒಮ್ಮೆ ಒಳಗೆ ನೋಡಿ

ನಿಮ್ಮ ಮನೆಯ ಮೂಲೆಯಲ್ಲೂ ಒಂದು ಹಳೆಯ ಕಂಪ್ಯೂಟರ್ ಇರಬಹುದು. ಎರಡು ಕೆಲಸಗಳನ್ನು ಒಟ್ಟಿಗೆ ಕೊಟ್ಟರೆ ಹೇಗೋ ಮಾಡುತ್ತದೆ, ಮೂರನೆಯದನ್ನು ಕೊಟ್ಟ ಕೂಡಲೇ ಮುನಿಸಿಕೊಂಡು ನಿಂತುಬಿಡುತ್ತದೆ. ಮಕ್ಕಳು "ಉಮ್ಮಾ, ಹೊಸದು ತರೋಣ" ಎನ್ನುತ್ತಾರೆ. ಆದರೆ ತಿಂಗಳ ಖರ್ಚಿನ ಲೆಕ್ಕ ಬರೆಯುವವರು ನೀವು ತಾನೇ?

ನಮ್ಮ ಬೀದಿಯ ಸಹೋದರಿಯೊಬ್ಬರು ಮನೆಯಲ್ಲೇ ಕುಳಿತು ಮದುವೆ ಕಾಗದ, ಕರಪತ್ರಗಳ ಡಿಟಿಪಿ ಮಾಡುತ್ತಾರೆ. ಫೋಟೋಶಾಪ್ ತೆರೆದರೆ ಕಂಪ್ಯೂಟರ್ ಅಲುಗಾಡುತ್ತಿರಲಿಲ್ಲ. "ಇದರ ಕಾಲ ಮುಗಿಯಿತು ಅಕ್ಕಾ, ಹೊಸದು ತೆಗೆದುಕೊಳ್ಳಿ" ಎಂದರು ಅಂಗಡಿಯವರು. ಬಳೆ ಅಡವಿಡಲು ಹೊರಟಿದ್ದ ಆಕೆ ಹೋಗುವ ಮುನ್ನ ನನ್ನಲ್ಲಿ ಒಂದು ಮಾತು ಕೇಳಿದರು. ನೋಡಿದರೆ, ಅದರಲ್ಲಿದ್ದ ರ‍್ಯಾಮ್ ಬರೇ 4 ಜಿಬಿ!

ರ‍್ಯಾಮ್ ಎಂದರೆ ಏನು? ನಿಮ್ಮ ಅಡುಗೆಮನೆಯನ್ನೇ ನೆನೆಯಿರಿ. ಹಾರ್ಡ್ ಡಿಸ್ಕ್ ಸಾಮಾನು ತುಂಬಿಡುವ ಕೋಣೆ. ರ‍್ಯಾಮ್ ನೀವು ತರಕಾರಿ ಹೆಚ್ಚುವ ಕಟ್ಟೆ. ಕಟ್ಟೆ ಚಿಕ್ಕದಾದರೆ ಒಂದು ಪಾತ್ರೆ ಇಡಲು ಇನ್ನೊಂದನ್ನು ಒಳಕೋಣೆಗೆ ಒಯ್ದು ಇಟ್ಟು ಬರಬೇಕು. ಕಂಪ್ಯೂಟರ್ ಕೂಡ ರ‍್ಯಾಮ್ ತುಂಬಿದಾಗ ಹಾರ್ಡ್ ಡಿಸ್ಕಿಗೆ ಹೀಗೆಯೇ ಓಡಾಡುತ್ತದೆ. ಆ ಓಡಾಟದಲ್ಲೇ ಸಮಯ ಹೋಗುತ್ತದೆ.

ಮೊದಲು ರೋಗ ಯಾವುದೆಂದು ತಿಳಿಯಿರಿ. ದಿನನಿತ್ಯದ ಕೆಲಸವೆಲ್ಲ ತೆರೆದಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಸದಾ ಶೇ. 90ರ ಆಚೆ ಇದ್ದರೆ ರ‍್ಯಾಮ್ ಸಾಲದು ಎಂದರ್ಥ. ಮೆಮೊರಿ ಅರ್ಧವೂ ತುಂಬಿಲ್ಲ, ಆದರೆ ಡಿಸ್ಕ್ ಶೇ. 100 ತೋರಿಸುತ್ತಿದೆಯೇ? ಹಾಗಾದರೆ ರ‍್ಯಾಮಿಗೆ ಹಣ ಹಾಕಬೇಡಿ. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೇ ಸರಿಯಾದ ಮದ್ದು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಕಂಪೆನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವೇ ಎಂದು ಮೊದಲು ವಿಚಾರಿಸಿ. ಹಳೆಯ 32 ಬಿಟ್ ವಿಂಡೋಸ್ ಇದ್ದರಂತೂ ಎಷ್ಟು ರ‍್ಯಾಮ್ ಹಾಕಿದರೂ 4 ಜಿಬಿಗಿಂತ ಹೆಚ್ಚು ಉಪಯೋಗಕ್ಕೆ ಬಾರದು.

ಇನ್ನು ಖರೀದಿ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ರ‍್ಯಾಮಿನಲ್ಲಿ ತಲೆಮಾರುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಪ್ರತಿಯೊಂದರ ಅಂಚಿನಲ್ಲಿರುವ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್ ಕೂಡ ಡೆಸ್ಕ್‌ಟಾಪಿಗೆ ಆಗದು. ದೊಡ್ಡ ಸರ್ವರ್‌ಗಳಿಂದ ತೆಗೆದ ರ‍್ಯಾಮ್ ಅಗ್ಗಕ್ಕೆ ಸಿಗುತ್ತದೆಂದು ಮರುಳಾಗಬೇಡಿ. ಅದರಲ್ಲಿ 'ರಿಜಿಸ್ಟರ್ಡ್' ಎಂಬ ಬಗೆಯದು ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ನಡೆಯುವುದೇ ಇಲ್ಲ. ಬೇರೆ ಬೇರೆ ವೇಗದ ಎರಡು ರ‍್ಯಾಮ್ ಹಾಕಿದರೆ ಎರಡೂ ನಿಧಾನವಾದದ್ದರ ವೇಗಕ್ಕೇ ಇಳಿಯುತ್ತವೆ. ಸಾಧ್ಯವಾದರೆ ಒಂದೇ ಬಗೆಯ ಜೋಡಿ ಹಾಕಿ. ಜೋಡಿ ಇದ್ದರೆ ಎರಡು ದಾರಿಯಲ್ಲಿ ಒಟ್ಟಿಗೆ ಕೆಲಸ ನಡೆದು ವೇಗ ಹೆಚ್ಚುತ್ತದೆ.

ಹಾಕುವುದು ಕಷ್ಟವೇನಲ್ಲ. ಆದರೆ ಪೆಟ್ಟಿಗೆಗೆ ವಾರಂಟಿ ಸೀಲ್ ಇದ್ದರೆ ನೀವಾಗಿ ಬಿಚ್ಚಬೇಡಿ. ಇಲ್ಲದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ವಯರ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿಬಿಡಿ. ನೈಲಾನ್ ದುಪಟ್ಟಾ ಒಳಗೆ ತಾಗದಂತೆ ಸರಿಸಿ ಕಟ್ಟಿಕೊಳ್ಳಿ, ಅದರ ಸ್ಥಿರವಿದ್ಯುತ್ತು ರ‍್ಯಾಮನ್ನು ಕೆಡಿಸಬಲ್ಲದು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಬಳಿಕ ರ‍್ಯಾಮನ್ನು ಅಂಚು ಹಿಡಿದು ಎತ್ತಿ. ಕಚ್ಚು ಸರಿಯಾಗಿ ಹೊಂದಿಸಿ, ಕೊಕ್ಕೆ 'ಟಕ್' ಎನ್ನುವವರೆಗೆ ಎರಡೂ ತುದಿ ಒತ್ತಿ. ಕಚ್ಚು ಹೊಂದದಿದ್ದರೆ ಬಲ ಪ್ರಯೋಗಿಸಬೇಡಿ. ಪರದೆ ಬರದೆ ಬೀಪ್ ಶಬ್ದ ಬಂದರೆ ಗಾಬರಿ ಬೇಡ, ವಯರ್ ಕಿತ್ತು ರ‍್ಯಾಮನ್ನು ತೆಗೆದು ಮತ್ತೊಮ್ಮೆ ಕೂರಿಸಿ.

ಆ ಸಹೋದರಿಯ ಕಂಪ್ಯೂಟರಿನಲ್ಲಿ ಒಂದು ಜಾಗ ಖಾಲಿ ಇತ್ತು. 8 ಜಿಬಿಯ ಒಂದು ರ‍್ಯಾಮ್ ಸೇರಿಸಿ ಒಟ್ಟು 12 ಮಾಡಿದೆವು. ಅಂದೇ ಸಂಜೆ ಒಂದು ಮದುವೆ ಕಾಗದ ಮುಗಿಸಿ ಕೊಟ್ಟರು. ಬಳೆ ಕೈಯಲ್ಲೇ ಉಳಿಯಿತು.

2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ ಕಾರಣ ರ‍್ಯಾಮಿನ ಬೆಲೆ ತುಂಬಾ ಏರಿತು. ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿಯೇ ಕೊಳ್ಳಿ. ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಈಗಿರುವ ರ‍್ಯಾಮಿನ ಬಗೆ, ಅದರ ವೇಗ, ಖಾಲಿ ಇರುವ ಜಾಗಗಳ ಸಂಖ್ಯೆ. ಚೀಟಿ ಹಿಡಿದು ಬಂದ ಗಿರಾಕಿಗೆ ಬೇಡದ್ದನ್ನು ಮಾರುವುದು ಅಷ್ಟು ಸುಲಭವಲ್ಲ. ಬರುವಾಗ ವಾರಂಟಿ ಬರೆದ ಬಿಲ್ ಕೇಳಿ ಪಡೆಯಲು ಮಾತ್ರ ಮರೆಯಬೇಡಿ.