ಊರ ನುಡಿಗೆ ಮನ್ನಣೆ: ಕಂಬಾರರ ನಿದರ್ಶನ

ಮನೆಯಲ್ಲಿ ಆಡುವ ಮಾತನ್ನು ತರಗತಿಯಲ್ಲಿ ಆಡಲು ಮಗುವೊಂದು ನಾಚುವುದಾದರೆ, ಆ ನಾಚಿಕೆಯನ್ನು ಕಲಿಸಿದವರು ಯಾರೆಂದು ವಿದ್ಯಾಸಂಸ್ಥೆಗಳು ತಮ್ಮನ್ನೇ ಕೇಳಿಕೊಳ್ಳಬೇಕು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕನ್ನಡವು ಚಲನಚಿತ್ರ, ದೂರದರ್ಶನಗಳಲ್ಲಿ ಕೇಳಿಬಂದಾಗಲೆಲ್ಲ ಅದು ಹೆಚ್ಚಾಗಿ ನಗೆಯಾಟದ ಸರಕಾಗಿಯೇ ಬಂದಿದೆ. ಪಾಠಶಾಲೆಯೂ ಅದನ್ನು ತಿದ್ದಬೇಕಾದ ತಪ್ಪೆಂದೇ ಎಣಿಸಿದರೆ ಆ ಮಾತಿಗೆ ನಿಲ್ಲಲು ನೆಲೆಯೆಲ್ಲಿ?

ಈ ಸಂದರ್ಭದಲ್ಲಿ ಡಾ. ಚಂದ್ರಶೇಖರ ಕಂಬಾರರ ಜೀವನವು ಮನನಯೋಗ್ಯವಾದುದು. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಕಮ್ಮಾರರ ಮನೆಯಲ್ಲಿ ಜನಿಸಿದ ಅವರ ವಿದ್ಯಾಭ್ಯಾಸಕ್ಕೆ ಬಡತನವು ಅಡ್ಡಬಂದಾಗ, ಕೈಹಿಡಿದು ಓದಿಸಿದವರು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು. ಮಠದ ಆಶ್ರಯದಲ್ಲಿ ಓದಿದ ಆ ಬಾಲಕನು ಮುಂದೆ ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡು ಡಾಕ್ಟರೇಟ್ ಪದವಿ ಪಡೆದನು. ವಿದ್ಯೆಯು ಆತನನ್ನು ಊರಿನಿಂದ ದೂರ ಮಾಡಲಿಲ್ಲ. ಊರನ್ನು ವಿದ್ಯೆಯ ಅಂಗಳಕ್ಕೆ ಕರೆತಂದಿತು.

ಕಂಬಾರರು ಹಾಡುಗಾರರೂ ಹೌದು, ವಿದ್ವಾಂಸರೂ ಹೌದು. ಬಯಲಾಟದ ರೂಪವನ್ನೂ ತಮ್ಮ ಸೀಮೆಯ ಆಡುಮಾತನ್ನೂ ಬಳಸಿ ಅವರು ರಚಿಸಿದ ‘ಜೋಕುಮಾರಸ್ವಾಮಿ’ (1972) ಉಳುವವನಿಗೂ ಒಡೆಯನಿಗೂ ನಡುವಣ ನೆಲದ ವ್ಯಾಜ್ಯವನ್ನು ನಗರದ ಪ್ರೇಕ್ಷಕರ ಮುಂದಿರಿಸಿತು. ಅವರೇ ನಿರ್ದೇಶಿಸಿದ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕರೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. 1985ರಲ್ಲಿ ಅವರ ಸಂಪಾದಕತ್ವದ ‘ಕನ್ನಡ ಜಾನಪದ ವಿಶ್ವಕೋಶ’ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಹೀಗೆ ರಂಗ, ತೆರೆ, ಗ್ರಂಥಗಳೆಂಬ ಮೂರು ಮಾಧ್ಯಮಗಳಲ್ಲಿಯೂ ಹಳ್ಳಿಯ ದನಿಗೆ ಗೌರವದ ಪೀಠ ಲಭಿಸಿತು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಸಂದಿತು.

ಆ ಸಾಧನೆಗೂ ನಮ್ಮ ಸೀಮೆಗೂ ನೇರ ಸಂಬಂಧವಿದೆ. ಕಂಬಾರರು ಮೊದಲ ಕುಲಪತಿಗಳಾಗಿ ಕಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1990ರ ದಶಕದಲ್ಲಿ ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವೂ, ಕೆ. ಕೇಶವನ್ ಪ್ರಸಾದರು ಸಂಪಾದಿಸಿದ ಮಾದೇಶ್ವರ ಕಾವ್ಯವೂ ಬೆಳಕು ಕಂಡವು. ತಂಬೂರಿ ಹಿಡಿದ ನೀಲಗಾರರೂ ಕಂಸಾಳೆಯ ದೇವರಗುಡ್ಡರೂ ತಲೆತಲಾಂತರದಿಂದ ಕಂಠದಲ್ಲಿ ಕಾಪಾಡಿಕೊಂಡು ಬಂದ ಮಹಾಕಾವ್ಯಗಳಿವು. ವಿಶ್ವವಿದ್ಯಾಲಯವು ಗ್ರಂಥವಾಗಿಸಿ ಮನ್ನಿಸಿದ ಈ ನುಡಿಯನ್ನು, ಅದು ಹುಟ್ಟಿದ ನೆಲದ ಶಾಲೆಯೇ ಅಶುದ್ಧವೆಂದರೆ ಅದಕ್ಕಿಂತ ವಿಪರ್ಯಾಸ ಇನ್ನಾವುದು?

ಗ್ರಂಥಭಾಷೆಯಿಲ್ಲದೆ ಪರೀಕ್ಷೆಯೂ ಉದ್ಯೋಗವೂ ಸಾಧ್ಯವಿಲ್ಲವೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಶಿಷ್ಟ ಕನ್ನಡವನ್ನು ಚೆನ್ನಾಗಿ ಕಲಿಸುವುದು ಅಧ್ಯಾಪಕರ ಕರ್ತವ್ಯ. ಆದರೆ ಒಂದನ್ನು ಗಳಿಸಲು ಮತ್ತೊಂದನ್ನು ಕಳೆಯಬೇಕಿಲ್ಲ. ವಿಶ್ವಕೋಶವನ್ನು ಸಂಪಾದಿಸಿದವರೇ ಬಯಲಾಟದ ಮಾತಿನಲ್ಲಿ ನಾಟಕ ಬರೆದರೆಂಬುದೇ ಇದಕ್ಕೆ ಸಾಕ್ಷಿ. ಬರವಣಿಗೆಯ ತಪ್ಪನ್ನು ತಿದ್ದೋಣ; ಮಗುವಿನ ತಾಯಿ ಆಡುವ ಮಾತನ್ನು ಹೀಯಾಳಿಸದಿರೋಣ.

ಆದುದರಿಂದ ಅಧ್ಯಾಪಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಹಾಗೂ ದಾನಿಗಳಲ್ಲಿ ಒಂದು ವಿನಂತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ನೀಲಗಾರರಿಗೂ ಕಂಸಾಳೆಯವರಿಗೂ ಸೋಲಿಗರ ಹಾಡುಗಾರರಿಗೂ ಯೋಗ್ಯ ಸಂಭಾವನೆಯೊಡನೆ ವೇದಿಕೆಯನ್ನು ನೀಡೋಣ. ಮಕ್ಕಳು ವರ್ಷಕ್ಕೊಂದು ನಾಟಕವನ್ನಾದರೂ ಈ ಸೀಮೆಯ ಮಾತಿನಲ್ಲಿಯೇ ಆಡಲಿ. ಹಿರಿಯ ಹಾಡುಗಾರರ ಕಂಠವನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಶಾಲೆಯ ಗ್ರಂಥಾಲಯದಲ್ಲಿ ಇರಿಸಲು ದಾನಿಗಳು ನೆರವಾಗಲಿ. ಕಟ್ಟಡಕ್ಕೆ ಕಲ್ಲು ಎಂದಾದರೂ ದೊರೆತೀತು. ಅಡಗಿದ ಕಂಠವು ಮರಳಿ ದೊರೆಯದು. ಮಠವೊಂದು ಅಂದು ಬಡ ಬಾಲಕನೊಬ್ಬನಿಗೆ ನೀಡಿದ ಆಸರೆಯು ನಾಡಿಗೆ ಎಷ್ಟೊಂದು ಫಲವನ್ನಿತ್ತಿತು! ಅಂತಹ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಕುಳಿತಿರಬಹುದು. ಅವರು ಮೊದಲು ನಿರ್ಭಯವಾಗಿ ಬಾಯಿ ತೆರೆಯುವಂತಾಗಲಿ.